ಸ್ವಚ್ಛ ಮಾಡಿದ ಹಳ್ಳಿ

ಒಬ್ಬ ಕರ್ನಲ್‌ನ ಕೀರ್ತಿಗೆ ಬೆಲೆ ತೆತ್ತವರು ಅಮೆರಿಕದ ಒಂದು ನದಿಯ ದಂಡೆಯಲ್ಲಿ ಬೆಳಗಿನ ಅಡುಗೆಗೆ ಒಲೆ ಹಚ್ಚಿದ್ದ ಹೆಂಗಸರು, ಅವರ ಮಕ್ಕಳು, ಅವರ ಮುದುಕರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಆ ನದಿಯನ್ನು ಎಂದೂ ಕಾಣದ, ಪರದೇಶದಲ್ಲಿ ನಾವು ನೆಲೆಸಿರುವ ಸುಬಾಂಗ್ ಜಯಾದ ನಮ್ಮ ಪಕ್ಕದ ಮನೆಯ ಮೇಷ್ಟ್ರೂ ಅದಕ್ಕೆ ಬೆಲೆ ತೆತ್ತರು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಮೂಗು. ಕೊನೆಯ ತಿಂಗಳುಗಳಲ್ಲಿ ಅವರು ಮಾತಿನ ನಡುವೆ ತಟ್ಟನೆ ನಿಂತು, ನರೆತ ಗಡ್ಡವನ್ನು ಮೇಲೆತ್ತಿ, ಹೊಳ್ಳೆಗಳನ್ನರಳಿಸಿ ಗಾಳಿಯನ್ನು ಮೂಸುತ್ತಿದ್ದರು.

“ತಂಗಿ, ಹೊಗಿ ವಾಸನಿ ಬರಾಕತ್ತೈತೇನು?”

ಇಲ್ಲಿ ಅದು ವಿಚಿತ್ರ ಪ್ರಶ್ನೆಯಲ್ಲ. ಯಾರೋ ತೋಟಗಳಿಗಾಗಿ ಕಾಡಿಗೆ ಬೆಂಕಿಯಿಟ್ಟರೆ ಅದರ ಹೊಗೆ ಸಮುದ್ರ ದಾಟಿ ಬಂದು ನಮ್ಮ ಮಕ್ಕಳ ಎದೆಗಿಳಿಯುತ್ತದೆ. ಆದರೆ ಮೇಷ್ಟ್ರು ಹಾಗೆ ಕೇಳುತ್ತಿದ್ದುದು ಮಳೆ ತೊಳೆದ ಆಕಾಶದ ಕೆಳಗೆ.

ಧಾರವಾಡದ ಕಡೆಯವರು. ನನ್ನ ಮಗಳು ಓದುವ ಖಾಸಗಿ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಶಾಲೆಯೇ ಕೊಟ್ಟಿದ್ದ ಫ್ಲಾಟಿನಲ್ಲಿ ಒಬ್ಬರೇ ಇದ್ದರು. ಭಾನುವಾರ ಬೆಳಿಗ್ಗೆ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳವು. ಮೇಷ್ಟ್ರು ಅದಕ್ಕೆ ಬೇಸರಿಸಿಕೊಳ್ಳುತ್ತಿರಲಿಲ್ಲ. ಅವರು ಸಹಿಸದಿದ್ದುದು ಒಂದೇ, ಮಾಡಿದವರನ್ನು ಮರೆಸುವ ವಾಕ್ಯ; ಅದನ್ನವರು ಕರ್ತೃಪದವಿಲ್ಲದ ವಾಕ್ಯ ಎನ್ನುತ್ತಿದ್ದರು. ‘ಗಾಜು ಒಡೆಯಿತು’ ಎಂದು ಯಾರಾದರೂ ಬರೆದರೆ ಸಾಕು: “ತಾನಽ ಒಡೀತೇನು? ಕಲ್ಲ ಒಗದಾಂವ ಯಾಂವ? ಅವನ್ನ ಕರ್ಕೊಂಡು ಬಾ ವಾಕ್ಯದೊಳಗ!”

ಒಮ್ಮೆ, ಶಾಲೆಯಲ್ಲಿ ಓದಿದ ಒಂದು ಪಾಠವನ್ನು ಕನ್ನಡಕ್ಕೆ ತರಲು ಹೇಳಿದರು. ಮಗಳು ಆರಿಸಿಕೊಂಡದ್ದು ಶಾಲೆಯೇ ಅಚ್ಚು ಹಾಕಿಸಿದ್ದ ಧೀಮಂತರ ಪುಸ್ತಕದ ಒಂದು ಪುಟ. ಅದರಲ್ಲಿ ಆ ಕರ್ನಲ್ ಇದ್ದ. ಬಡ ರೈತನ ಮಗ. ಸೈನಿಕ ಕಾಲೇಜಿನಲ್ಲಿ ಓದಿದ. ಗುಲಾಮಗಿರಿಯನ್ನು ಮುರಿದ ಯುದ್ಧದಲ್ಲಿ ನ್ಯಾಯದ ಪಕ್ಷದಲ್ಲಿ ನಿಂತು ಭುಜಕ್ಕೆ ಗುಂಡೇಟು ತಿಂದ. ಅನಂತರ ಪಶ್ಚಿಮದ ಬಯಲಿಗೆ ಹೋದ. ಅಲ್ಲಿ ನದಿಯ ದಂಡೆಯಲ್ಲಿದ್ದ ಮೂಲನಿವಾಸಿಗಳ ಒಂದು ಹಳ್ಳಿ ‘ಕ್ಲಿಯರ್’ ಆಯಿತು. ಪದಕ ಬಂತು, ಬಡ್ತಿ ಬಂತು, ಒಂದು ಊರಿಗೆ ಅವನ ಹೆಸರೂ ಬಂತು. ಮೊಮ್ಮಕ್ಕಳ ನಡುವೆ ಹಾಸಿಗೆಯಲ್ಲಿ ಸತ್ತ.

ಮಗಳು ಎದ್ದು ನಿಂತು ಗಟ್ಟಿಯಾಗಿ ಓದಿದಳು: “ಕರ್ನಲ್ ಸಾಹೇಬರು ಹಳ್ಳಿಯನ್ನು ಸ್ವಚ್ಛ ಮಾಡಿದರು.”

ಕರ್ತೃಪದ ಇತ್ತು. ಮೇಷ್ಟ್ರಿಗೆ ತಪ್ಪು ಹಿಡಿಯಲಾಗಲಿಲ್ಲ. “ಸ್ವಚ್ಛ ಅಂದ್ರ?” ಎಂದರು.

“ಗೋತೊಂಗ್ ರೊಯೊಂಗ್ ಲಾ, ಸರ್! ಎವ್ರಿಬಡಿ ಕಮ್ ಔಟ್, ಸ್ವೀಪ್ ದ ಡ್ರೇನ್, ದೆನ್ ಮಕಾನ್!”

ನೆರೆಹೊರೆಯವರೆಲ್ಲ ಪೊರಕೆ ಹಿಡಿದು ಬೀದಿ ಗುಡಿಸಿ, ಕೊನೆಗೆ ‘ಮಕಾನ್’ ಎಂದು ಒಟ್ಟಿಗೆ ಕೂತು ಉಣ್ಣುವ ಇಲ್ಲಿನ ಆ ಸುಂದರ ಪದ್ಧತಿ ಬಿಟ್ಟು ಮಗುವಿಗೆ ಬೇರೆ ಯಾವ ‘ಕ್ಲಿಯರ್’ ಗೊತ್ತಿತ್ತು? ಮಕ್ಕಳು ನಕ್ಕರು. ನಾನೂ ನಕ್ಕೆ. ಮೇಷ್ಟ್ರ ಮುಖ ಬೂದಿಯಾಯಿತು. ಆ ದಿನದಿಂದ ‘ಸ್ವಚ್ಛ’ ಎಂಬ ಪದವನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಕಪ್ಪುಹಲಗೆಯನ್ನು ಕೂಡ ‘ಒರಸವಾ’ ಎನ್ನುತ್ತಿದ್ದರು.

ಆಮೇಲೆ ಅವರು ಕರ್ನಲ್‌ನದೇ ವರದಿಯನ್ನು ಹುಡುಕಿ ತೆಗೆದರು. ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಹೇಳಿದರು. ಸೈನಿಕರು ನುಗ್ಗಿದಾಗ ಗುಡಾರಗಳೊಳಗೆ ಕೆಟಲ್‌ಗಳು ಕುದಿಯುತ್ತಿದ್ದವು. ಜನರನ್ನು ಮುಗಿಸಿದ ಮೇಲೆ ಗುಡಾರ, ಚರ್ಮದ ಹೊದಿಕೆ, ತೊಟ್ಟಿಲು ಎಲ್ಲವನ್ನೂ ರಾಶಿ ಹಾಕಿ ಸುಟ್ಟರು, ಕೆಟಲ್‌ಗಳನ್ನು ಒಡೆದರು. ಸುಟ್ಟ ವಸ್ತುಗಳ ಪಟ್ಟಿ ವರದಿಯಲ್ಲಿದೆ. ಸತ್ತವರಲ್ಲಿ ಒಬ್ಬರ ಹೆಸರೂ ಇಲ್ಲ.

“ಇನ್ನೊಂದು ಐತಿ, ತಂಗಿ. ಮುದುಕ ಆದಮ್ಯಾಲೆ ಅಂವ ತನ್ನ ಮನ್ಯಾಗ ಕೆಟಲ್ ಇಡಾಕ ಬಿಡ್ತಿರಲಿಲ್ಲಂತ. ಹೆಂಡತಿ ಪತ್ರದಾಗ ಬರದಾಳ. ಒಲಿ ಆರಿದ್ರೂ ‘ಹೊಗಿ, ಹೊಗಿ’ ಅಂತಿದ್ನಂತ.” ನನ್ನ ಒಲೆಯ ಮೇಲೆ ಚಹಾದ ನೀರಿನ ಮುಚ್ಚಳ ತಟತಟ ಬಡಿದುಕೊಳ್ಳುತ್ತಿತ್ತು. ಅವರು ಗಡ್ಡ ಎತ್ತಿದರು. “ಅವಂಗೂ ಬರ್ತಿತ್ತು.”

ನಾನು ಒಲೆ ಆರಿಸಿದೆ. ಮುಚ್ಚಳ ಕೂಡಲೇ ನಿಲ್ಲಲಿಲ್ಲ.

ಪುಸ್ತಕದ ಮರುಮುದ್ರಣ ಹತ್ತಿರವಿತ್ತು. ಮೇಷ್ಟ್ರು ಕೇಳಿದ್ದು ಒಂದೇ ಒಂದು ವಾಕ್ಯ ಸೇರಿಸಿರೆಂದು: ‘ಆ ಹಳ್ಳಿಯಲ್ಲಿ ಅಡುಗೆ ಮಾಡುತ್ತಿದ್ದ ಜನರನ್ನು ಕರ್ನಲ್ ಕೊಲ್ಲಿಸಿದ.’ ಅದಕ್ಕಾಗಿ ಶಾಲೆಯವರು ಸಭೆ ಕರೆದರು. ಪ್ರಾಂಶುಪಾಲರು ನಗುತ್ತಲೇ ಹೇಳಿದರು: “ದೇ ಆರ್ ಚಿಲ್ಡ್ರನ್ ಲಾ, ಸರ್. ವೈ ಸೋ ಹೆವಿ?”

“ಅಲ್ಲಿ ಸತ್ತಾವೂ ಮಕ್ಕಳಽ ಮೇಡಂ” ಎಂದು ಕನ್ನಡದಲ್ಲಿ ಗೊಣಗಿ, ಮೇಷ್ಟ್ರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನನ್ನತ್ತ ನೋಡಿದರು. ನಾನು ಪೋಷಕರ ಸಮಿತಿಯ ಸದಸ್ಯೆ. ಅನ್ಯಾಯ ಕಂಡಲ್ಲಿ ಕರಪತ್ರ ಬರೆಯುವವಳೆಂದು ಎಲ್ಲರಿಗೂ ಗೊತ್ತು. ಮಗಳಿಗೆ ತೊಂದರೆಯಾದೀತೆಂದು ಆ ದಿನ ನಾನು ಬಾಯಿ ಬಿಡಲಿಲ್ಲ. ಕರ್ನಲ್ ಕೊಂದ, ಸರ್ಕಾರ ಪದಕ ಕೊಟ್ಟಿತು, ಶಾಲೆ ಅದಕ್ಕೆ ಬಣ್ಣದ ಪುಟ ಕೊಟ್ಟಿತು, ನಾನು ಮೌನ ಕೊಟ್ಟೆ. ಈ ವಾಕ್ಯಗಳಲ್ಲಿ ಯಾವುದಕ್ಕೂ ಕರ್ತೃಪದದ ಕೊರತೆಯಿಲ್ಲ.

ಶಾಲೆ ಅವರ ಕರಾರನ್ನು ಮುಂದುವರಿಸಲಿಲ್ಲ. ಕೆಲಸದ ಪಾಸು ಹೋದಮೇಲೆ ದೇಶ ಬಿಡಬೇಕು. ಸಾಮಾನು ಕಟ್ಟುವ ವಾರದ ಭಾನುವಾರ ಮಕ್ಕಳು ಹಾಲ್‌ನಲ್ಲಿ ಕಾದರು. ಮೇಷ್ಟ್ರು ಇಳಿದು ಬರಲಿಲ್ಲ. ಕಾವಲುಗಾರನಿಂದ ನಾನು ಬಾಗಿಲು ತೆರೆಸಿದೆ. ಕುರ್ಚಿಯಲ್ಲಿ ಒರಗಿದ್ದರು, ಗಡ್ಡ ಮೇಲೆತ್ತಿ. ಹೃದಯ ನಿಂತಿದೆ ಎಂದರು ಡಾಕ್ಟರು. ಒಲೆ ತಣ್ಣಗಿತ್ತು, ಕಿಟಕಿಗಳು ತೆರೆದಿದ್ದವು. ಮನೆಯ ತುಂಬ ಹಸಿ ಕಟ್ಟಿಗೆಯ, ಸುಟ್ಟ ಚರ್ಮದ ವಾಸನೆ. ಕಾವಲುಗಾರನೂ ಮೂಗು ಮುಚ್ಚಿಕೊಂಡ.

ನಾಲ್ಕು ದಿನದ ಮೇಲೆ ಪೋಷಕರ ಗುಂಪಿಗೆ ಶಾಲೆಯ ಸಂದೇಶ ಬಂತು: ಸರ್ ಅವರ ಫ್ಲಾಟ್ ಕ್ಲಿಯರ್ ಆಗಿದೆ, ಮುಂದಿನ ವಾರ ಹೊಸ ಶಿಕ್ಷಕರು ಬರಲಿದ್ದಾರೆ.

ಮಗಳು ಓದಿ, ಫೋನನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ, ಎಂದೂ ಇಲ್ಲದಂತೆ ಕನ್ನಡದಲ್ಲಿ ಕೇಳಿದಳು: “ಅಮ್ಮಾ, ಕ್ಲಿಯರ್ ಮಾಡಿದ್ದು ಯಾರು?”

ಶಾಲೆಯ ಆಡಳಿತ ಮಂಡಳಿಯವರೇ, ಪ್ರಾಂಶುಪಾಲರೇ, ಆ ದಿನ ನಾನು ನುಂಗಿಕೊಂಡ ಮಾತನ್ನು ಈಗ ಹೇಳುತ್ತಿದ್ದೇನೆ. ಮುಂದಿನ ಅವಧಿಯ ಮೊದಲ ತರಗತಿಗೆ ಮುಂಚೆ ಮೇಷ್ಟ್ರ ವಾಕ್ಯವನ್ನು, ಒಂದು ಅಕ್ಷರವೂ ಬದಲಾಗದಂತೆ, ಕರ್ನಲ್‌ನ ಚಿತ್ರದ ಕೆಳಗೆ ಅಚ್ಚು ಹಾಕಿಸಿ. ಅದರ ಕೆಳಗೆ ಎರಡನೆಯ ವಾಕ್ಯ: ‘ಇದನ್ನು ಕೇಳಿದ ಶಿಕ್ಷಕರನ್ನು ನಾವು ಹೊರಗೆ ಕಳಿಸಿದೆವು.’ ‘ನಾವು’ ಎಂಬ ಪದವನ್ನು ಬಿಡಬೇಡಿ.