ಅಳದೆ ನೋಡುವ ಅಭ್ಯಾಸ

ಅವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಹಿಮ್ಮಡಿ. ಸದಾಶಿವನಗರದ ಆ ಮನೆಯ ಕೆಳಗಿನ ಭಾಗಕ್ಕೆ ನಾನು ಬಾಡಿಗೆಗೆ ಬಂದ ದಿನವೇ ತಲೆಯ ಮೇಲೆ ದಬದಬ ಸದ್ದು ಶುರುವಾಯಿತು. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ದೇವರ ಕೋಣೆಗೆ, ಅಲ್ಲಿಂದ ತಿರುಗಿ ಅಡುಗೆಮನೆಗೆ. ಮೇಲೆ ದೊಡ್ಡ ಸಂಸಾರವೇ ಇರಬೇಕೆಂದುಕೊಂಡು ಮಾರನೆಯ ದಿನ ಮೆಟ್ಟಿಲು ಹತ್ತಿ ಹೋದರೆ, ಬಾಗಿಲು ತೆರೆದವರು ಕಡ್ಡಿಯಂಥ ಒಬ್ಬ ಹೆಂಗಸು. ಮೇಲಕ್ಕೆ ಸಿಕ್ಕಿಸಿದ ನೆರಿಗೆ, ಬಿರುಕು ಬಿಟ್ಟ ಹಿಮ್ಮಡಿ.

"ನಿಂತು ಮಾತಾಡಬ್ಯಾಡ, ಒಳಗ ಬಾ. ನಿಂತ್ರ ನನ್ನ ಕಾಲ ನೋಯ್ತಾವ," ಎನ್ನುತ್ತಲೇ ಒಳಗೆ ನಡೆದುಬಿಟ್ಟರು. ನಿಂತವಳು ನಾನು, ಕಾಲು ನೋವು ಅವರಿಗೆ! ಅಂದಿನಿಂದ ಅವರು ನನಗೆ ಚಿಕ್ಕಮ್ಮನಂತೆ, ಮೇಲಿನ ಮನೆಯ ಕಾಕು.

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ಬಿಸಿಲು ಇಳಿಯತೊಡಗಿತೆಂದರೆ ಕಾಕು ಎಲ್ಲರನ್ನೂ ಅಟ್ಟಾಡಿಸುತ್ತಿದ್ದರು. ಅವರ ಯಜಮಾನರು, ನಮ್ಮ ಕಾಕಾ, ಪಾಪದ ಮನುಷ್ಯ. ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡೇ ತಾಟಿನ ಮುಂದೆ ಕೂರುತ್ತಿದ್ದರು. ನನ್ನನ್ನೂ ಬಿಡುತ್ತಿರಲಿಲ್ಲ.

"ಹೊತ್ತ ಮುಳಗಾಕ ಬಂತು, ಉಣ್ಣಂಗಿಲ್ಲೇನ ತಂಗಿ?"

"ನಾವು ಲಿಂಗಾಯತ್ರು ಕಾಕು, ನಮಗ ರಾತ್ರಿ ಉಂಡ್ರೂ ನಡೀತದರಿ."

"ನಿಮಗ ನಡೀತದ ಖರೇ. ನಿಮ್ಮ ಹೊಟ್ಟಿಗೆ ನಡೀತದೇನ, ಅದನ್ನ ಕೇಳು."

ಟಿ.ವಿ. ಧಾರಾವಾಹಿಯ ಒಂದು ಕಂತನ್ನೂ ಅವರು ಕೊನೆತನಕ ನೋಡಿದವರಲ್ಲ. ಅಂಥವರು ಒಂದು ಮಧ್ಯಾಹ್ನ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಕಾಕಾನ ಕಂಪ್ಯೂಟರಿನ ಮುಂದೆ ಕೂರಿಸಿದರು. ಬಸದಿಯಲ್ಲಿ ಯಾರೋ ಒಂದು ಪೆನ್‌ಡ್ರೈವ್ ಕೊಟ್ಟಿದ್ದರಂತೆ. ಅದರಲ್ಲಿದ್ದ ವೀಡಿಯೋ ಹಾಕಿದರೆ ಬರೀ ಸದ್ದು, ಪರದೆ ಕಪ್ಪು. ನಾನು ಬ್ರೌಸರಿಗೆ ವೀಡಿಯೋ ನಡೆಸುವ ಒಂದು ಎಕ್ಸ್‌ಟೆನ್ಶನ್ ಹಾಕಿಕೊಟ್ಟೆ. ಮೂಲೆಯಲ್ಲಿ ಒಂದು ಸಣ್ಣ ಕೆಂಪು ಗುಂಡಿ ಬಂತು. ಅದನ್ನು ಒತ್ತಿ, ಫೈಲನ್ನು ಎಳೆದು ಪರದೆಯಲ್ಲಿ ತೆರೆದುಕೊಳ್ಳುವ ಕಿಟಕಿಯೊಳಗೆ ಬಿಟ್ಟರೆ ಸಾಕು, ವೀಡಿಯೋ ಆಗಲಿ ಆಡಿಯೋ ಆಗಲಿ, ನಡೆಯುತ್ತದೆ. ಬೇಕಾದರೆ ನಿಧಾನ ಮಾಡಬಹುದು. ಇಲ್ಲಿಂದ ಇಲ್ಲಿಯವರೆಗೆ ಎಂದು ಗುರುತು ಹಾಕಿದರೆ ಅಷ್ಟೇ ಭಾಗ ಮತ್ತೆ ಮತ್ತೆ ಬರುತ್ತದೆ. ನಿಲ್ಲಿಸಿ ಹೋದರೆ, ಮರುದಿನ ನಿಲ್ಲಿಸಿದಲ್ಲಿಂದಲೇ ತೆರೆದುಕೊಳ್ಳುತ್ತದೆ.

ಪರದೆಯಲ್ಲಿ ಒಬ್ಬ ದಿಗಂಬರ ಮುನಿ ನಿಂತು, ಬೊಗಸೆಯೊಡ್ಡಿ ಆಹಾರ ಸ್ವೀಕರಿಸುತ್ತಿದ್ದರು.

"ಯಾರ್ರಿ ಕಾಕು ಇವರು?"

"ಮಹಾರಾಜರು." ಬಾಲ್ಕನಿಯವರೆಗೆ ಹೋಗಿ ಬಂದು ಹೇಳಿದರು, "ಮೊದಲ ನನ್ನ ತಮ್ಮ ಇದ್ದ."

ಆಮೇಲೆ ನಡೆಯುತ್ತ ನಡೆಯುತ್ತಲೇ ಎಲ್ಲ ಹೇಳಿದರು. ತಮ್ಮ ನಂದಗಡದಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದವನು, ಎಲ್ಲ ಬಿಟ್ಟು ದೀಕ್ಷೆ ತೆಗೆದುಕೊಂಡ. ದೀಕ್ಷೆಯಾದ ಮೇಲೆ ಅಕ್ಕ ಇಲ್ಲ, ತಮ್ಮ ಇಲ್ಲ. ಮುನಿಗಳಿಗೆ ದಿನಕ್ಕೊಂದೇ ಸಲ ಊಟ, ನೀರು ಕೂಡ ಆಗಲೇ. ಊಟದ ನಡುವೆ ಕೂದಲು ಸಿಕ್ಕರೆ ಅಥವಾ ಅಳುವ ಸದ್ದು ಕಿವಿಗೆ ಬಿದ್ದರೆ ಬೊಗಸೆ ಬಿಟ್ಟುಬಿಡುತ್ತಾರೆ. ಅದು ಅಂತರಾಯ. ಮರುದಿನದವರೆಗೆ ಹನಿ ನೀರೂ ಇಲ್ಲ.

ಹಿಂದಿನ ಬೇಸಿಗೆಯಲ್ಲಿ ಕಾಕುವಿಗೆ ಆಹಾರ ಕೊಡುವ ಯೋಗ ಬಂದಿತ್ತು.

"ಮೊದಲನೇ ತುತ್ತು ಹಾಕೂ ಮುಂದ ಹೆಬ್ಬಟ್ಟಿನ ಬುಡದಾಗ ಆ ಗಾಯದ ಗುರ್ತು ಕಂಡ್ತು. ಸಣ್ಣಾಂವ ಇದ್ದಾಗ ನಾ ಹಲಸಿನ ಹಣ್ಣ ಹೆಚ್ಚಾಕತ್ತಿದ್ದೆ, ಈಳಿಗಿ ಬಾಯಿಗೆ ಕೈ ಹಾಕಿದ್ದ. ಅದು ಕಂಡಿದ್ದ ತಡ, ಬಾಯಿ ತಗದು ಅತ್ತಬಿಟ್ಟೆ. ಬೊಗಸಿ ಬಿಟ್ರು. ಒಂದು ಮಾತಿಲ್ಲ, ಸಿಟ್ಟಿಲ್ಲ. ಆ ಉರಿಬಿಸಲಾಗ ಹಸಗೊಂಡ ಮುಂದಿನ ಊರಿಗೆ ನಡದ ಹ್ವಾದ್ರು. ನನ್ನ ಅಳುವಿನ ಸಂಬಂಧ."

ಬರುವ ಮಳೆಗಾಲದ ನಾಲ್ಕು ತಿಂಗಳು ಮಹಾರಾಜರು ಖಾನಾಪುರದಲ್ಲಿ ನಿಲ್ಲುವವರಿದ್ದರು. ಕಾಕುವಿಗೆ ಮತ್ತೊಮ್ಮೆ ಆಹಾರ ಕೊಡಬೇಕು, ಅಳದೆ ಕೊಡಬೇಕು. ಅದಕ್ಕೇ ಈ ವೀಡಿಯೋ. ಬೇರೆ ಯಾವುದೋ ಊರಿನಲ್ಲಿ ಭಕ್ತರೊಬ್ಬರು ಹತ್ತಿರದಿಂದ ತೆಗೆದದ್ದರಿಂದ ಕೈ ಚೆನ್ನಾಗಿ ಕಾಣುತ್ತಿತ್ತು. "ನೋಡಿ ನೋಡಿ ಕಣ್ಣ ಗಟ್ಟಿ ಆಗಬೇಕು ತಂಗಿ. ಆ ಕೈ ಬರೋ ಜಾಗಾಕ್ಕ ಗುರ್ತು ಹಾಕಿ ಕೊಡು."

ಹಾಕಿಕೊಟ್ಟೆ. ಶುರುವಾಯಿತು ನೋಡಿ ನನ್ನ ಗ್ರಹಚಾರ. ಬೆಳಗಿನ ಪೂಜೆ ಮುಗಿದ ಕೂಡಲೇ ಮೇಲೆ ಅದೇ ನೀರು ಸುರಿಯುವ ಸದ್ದು, ಅದೇ ಯಾರದೋ ಕೆಮ್ಮು, ಆಮೇಲೆ ಕಾಕುವಿನ ಬಿಕ್ಕು. ಕೂಡಲೇ ಹಿಮ್ಮಡಿಗಳ ದಬದಬ. ಮತ್ತೆ ನೀರು, ಮತ್ತೆ ಕೆಮ್ಮು. ನಾನು ಮನೆಯಲ್ಲೇ ಕೂತು ಕರಡು ತಿದ್ದುವವಳು. ಒಂದು ಸಾಲು ಓದಿದರೆ ಇನ್ನೊಂದು ಸಾಲು ತಲೆಗೆ ಹೋಗುತ್ತಿರಲಿಲ್ಲ. ಈಗ ಬಿಕ್ಕುತ್ತಾರೆ, ಈಗ ಬಿಕ್ಕುತ್ತಾರೆ ಎಂದು ಕಿವಿ ಮೇಲೇ ಇರುತ್ತಿತ್ತು. ಒಂದು ದಿನ ತಡೆಯಲಾರದೆ ಹತ್ತಿ ಹೋಗಿ ಕೂಗಾಡಿದೆ.

"ಸಾಕ ಮಾಡ್ರಿ ಕಾಕು! ನಿಮ್ಮ ಸಂಗಡ ನನಗೂ ಹುಚ್ಚ ಹಿಡೀತೈತಿ."

ಕಾಕು ಸೆರಗಿನಿಂದ ಮೂಗು ಒರೆಸಿಕೊಂಡು, "ಇವತ್ತ ಕಡಿಮಿ ಅತ್ತೇನಿ, ನಿಮ್ಮ ಕಾಕಾನ್ನ ಕೇಳಬೇಕಾರ," ಎಂದರು. ಕಾಕಾ ಪೇಪರಿನ ಹಿಂದಿನಿಂದ ತಲೆಯಾಡಿಸಿದರು. ಕಾಕು ಮೌಸನ್ನು ನನ್ನತ್ತ ತಳ್ಳಿದರು. "ಬಂದಿ ಅಂತೂ ಛಲೋ ಆತು. ಇದನ್ನ ಇನ್ನೂ ಸಾವಕಾಶ ಮಾಡು. ಅಷ್ಟ ಸಾವಕಾಶ ನೋಡಿದ್ರೂ ಅಳು ಬರಬಾರದು." ಬೈಯಲು ಹೋದವಳು ವೇಗ ಅರ್ಧಕ್ಕಿಳಿಸಿ ಕೊಟ್ಟು ಬಂದೆ. ಬರಬರುತ್ತ ಬಿಕ್ಕು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನನಗೆ ಖುಷಿಯಾಗಬೇಕಿತ್ತು. ಏಕೋ ಒಳಗೊಳಗೇ ಚಡಪಡಿಕೆ ಹೆಚ್ಚಾಯಿತು.

ಮಳೆಗಾಲ ಹಿಡಿಯಿತು. ಕಾಕು ನಸುಕಿನ ಬಸ್ಸಿಗೆ ಖಾನಾಪುರಕ್ಕೆ ಓಡಾಡತೊಡಗಿದರು. ಅಲ್ಲಿ ಬೀಗರ ಮನೆಯಲ್ಲಿ ಮಡಿಯ ಅಡುಗೆ ಮಾಡಿ, ಬಾಗಿಲಲ್ಲಿ ಕಳಶ ಹಿಡಿದು ನಿಲ್ಲುವುದು. ಮುನಿಗಳು ಬೆಳಿಗ್ಗೆ ಮನಸ್ಸಿನಲ್ಲೇ ಒಂದು ನಿಯಮ ಹಿಡಿದು ಹೊರಡುತ್ತಾರಂತೆ: ಇಂಥ ಹಣ್ಣು ಹಿಡಿದವರು, ಇಷ್ಟು ಜನ ನಿಂತವರು ಕಂಡರೆ ಮಾತ್ರ ನಿಲ್ಲುವೆ ಎಂದು. ಅದೇನೆಂದು ಯಾರಿಗೂ ಹೇಳುವುದಿಲ್ಲ. ಕಾಕು ಒಂದು ದಿನ ತೆಂಗಿನಕಾಯಿ, ಒಂದು ದಿನ ಬಾಳೆಹಣ್ಣು, ಇನ್ನೊಂದು ದಿನ ದಾಳಿಂಬೆ ಹಿಡಿದು ನಿಂತರು. ಮಹಾರಾಜರು ಪ್ರತಿಸಲವೂ ಮುಂದಿನ ಮನೆಗೆ ಹೋದರು.

ಒಂದು ಭಾನುವಾರ ನಾನೂ ಹೋದೆ. ಜಿಟಿಜಿಟಿ ಮಳೆ. ಕಾಕು ಕಾಕಾನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಳಶದ ಮೇಲೆ ಬರೀ ಒಂದು ನಿಂಬೆಹಣ್ಣಿಟ್ಟು ನಿಂತಿದ್ದರು. ಓಣಿಯ ತಿರುವಿನಲ್ಲಿ ಮಹಾರಾಜರು ಕಂಡರು. ಎಲ್ಲ ಬಾಗಿಲುಗಳಿಂದ "ನಮೋಸ್ತು ಸ್ವಾಮಿ" ಎಂಬ ಕೂಗು ಎದ್ದಿತು. ಅವರು ನಮ್ಮ ಬಾಗಿಲು ದಾಟಿದರು, ತಿರುಗಿದರು, ಬಂದು ಕಾಕುವಿನ ಮುಂದೆ ನಿಂತುಬಿಟ್ಟರು.

ಕಾಕು, ಕಾಕಾ ಅವರಿಗೆ ಮೂರು ಪ್ರದಕ್ಷಿಣೆ ಹಾಕಿ, "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ" ಎಂದು ಹೇಳಿ ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಕಿಟಕಿಯಲ್ಲಿ ನಿಂತು ಮೊಬೈಲಿನಲ್ಲಿ ವೀಡಿಯೋ ಹಿಡಿದೆ. ಬೊಗಸೆ ಮೇಲೆದ್ದಿತು. ಗಾಯದ ಗುರುತು ನನಗೇ ಕಂಡಿತು. ಕಾಕು ತುತ್ತಿಟ್ಟರು, ನೀರು ಸುರಿದರು, ಮತ್ತೆ ತುತ್ತಿಟ್ಟರು. ಕಣ್ಣು ಒದ್ದೆಯಾಗಲಿಲ್ಲ. ಮೊಬೈಲನ್ನು ಸ್ವಲ್ಪ ಕೆಳಗಿಳಿಸಿದೆ. ಆ ಹಿಮ್ಮಡಿಗಳು ಅಲ್ಲಾಡದೆ ನೆಲಕ್ಕೆ ಕೂತಿದ್ದವು. ಮಹಾರಾಜರು ಹೊಟ್ಟೆತುಂಬ ಉಂಡು, ಎಲ್ಲರಿಗೂ ಎತ್ತುವಂತೆ ಕಾಕುವಿಗೂ ಕೈಯೆತ್ತಿ ಹರಸಿ ಹೊರಟರು.

ಬಸ್ಸಿನಲ್ಲಿ ಕಾಕು ಕಾಲಾಡಿಸದೆ ಕೂತಿದ್ದರು. ಅವರು ಅಷ್ಟು ಹೊತ್ತು ಕೂತದ್ದನ್ನು ನಾನು ಕಂಡಿರಲಿಲ್ಲ. ಮನೆಗೆ ಬಂದವರೇ ಕಂಪ್ಯೂಟರ್ ಹಚ್ಚಿ, ಕೆಂಪು ಗುಂಡಿ ಒತ್ತಿ, ಹಳೆಯ ವೀಡಿಯೋ ಹಾಕಿದರು. ಕೈ ಬಂತು, ಗಾಯ ಬಂತು, ನೀರು ಬಿತ್ತು. ಇನ್ನೊಮ್ಮೆ ಬಂತು. ಹೊರಗೆ ಹೊತ್ತು ಇಳಿಯುತ್ತಿತ್ತು. ಅಂದು ಊಟಕ್ಕೆ ಎಬ್ಬಿಸಿದವರು ಕಾಕಾ. ಕಾಕು ಏಳಲಿಲ್ಲ.

"ಅಳು ಬರವಲ್ದು ತಂಗಿ," ಎಂದರು. "ಯಾರದೋ ಕೈ ನೋಡಿದಂಗ ಆಗಾಕತ್ತೈತಿ. ನನಗೂ ಒಬ್ಬ ತಮ್ಮ ಇದ್ದ ಅಂತ ಆ ಅಳು ಒಂದ ಹೇಳ್ತಿತ್ತು. ಅದನ್ನೂ ನಾನ ಕಳಕೊಂಡೆ."

ಆ ಗುಂಡಿ ಹಾಕಿಕೊಟ್ಟವಳು ನಾನೇ. "ಅವರು ಉಂಡ್ರಲ್ಲರಿ ಕಾಕು," ಎಂದೆ. "ಹೌದವಾ. ಹೊಟ್ಟಿ ತುಂಬ ಉಂಡ್ರು," ಎಂದರು. ಅಷ್ಟು ಹೇಳುವಾಗ ಮುಖದಲ್ಲಿ ಒಂದಿಷ್ಟು ನಗು ಬಂತು.

ಆ ಚಳಿಗಾಲದಲ್ಲಿ ಕಾಕು ಹೋದರು. ಬೆಳಿಗ್ಗೆ ದೇವರ ಕೋಣೆಯಿಂದ ಅಡುಗೆಮನೆಗೆ ಹೋಗುತ್ತಿದ್ದ ಹೆಜ್ಜೆ ನಡುವೆಯೇ ನಿಂತಿತು. ಕೆಳಗಿದ್ದ ನನಗೆ ಕಾಕಾ ಕೂಗುವ ಮೊದಲೇ ಗೊತ್ತಾಯಿತು.

ಖಾನಾಪುರದ ವೀಡಿಯೋ ನನ್ನ ಕಂಪ್ಯೂಟರಿನಲ್ಲಿದೆ. ಅವರಿಗೆ ಹಾಕಿಕೊಟ್ಟ ಎಕ್ಸ್‌ಟೆನ್ಶನ್ನೇ ನನ್ನಲ್ಲೂ ಇದೆ. ಮೇಲಿನ ನಿಶ್ಶಬ್ದ ತಡೆಯಲಾಗದೆ ಒಮ್ಮೆ ಹಾಕಿದೆ. ಬಿರುಕು ಬಿಟ್ಟ ಆ ಹಿಮ್ಮಡಿಗಳು ಬಂದಲ್ಲಿಗೆ ಅಳು ಉಕ್ಕಿ ಬಂತು, ನಿಲ್ಲಿಸಿಬಿಟ್ಟೆ. ಈಗ ತೆರೆದರೆ ಅದು ಅಲ್ಲಿಂದಲೇ ತೆರೆದುಕೊಳ್ಳುತ್ತದೆ. ಎಷ್ಟೋ ಸಲ ಕೈ ಆ ಗುಂಡಿಯವರೆಗೆ ಹೋಗುತ್ತದೆ. ಎದ್ದು ಅಡುಗೆಮನೆಗೆ ಹೋಗುತ್ತೇನೆ, ಬಾಗಿಲಿಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ, ಒತ್ತುವುದಿಲ್ಲ. ನೋಡಿ ನೋಡಿ ನನ್ನ ಕಣ್ಣೂ ಗಟ್ಟಿಯಾಗಿಬಿಟ್ಟರೆ ಎಂದು ಭಯ.