ಪುಟ್ಟಲಕ್ಷ್ಮಮ್ಮನ ನಾಲಿಗೆ

ನಾವು ಅದನ್ನು ಹಬ್ಬದ ಚುಟ್ಟ ಎಂದು ಕರೆಯುತ್ತಿದ್ದೆವು. ನಮ್ಮ ಯಜಮಾನ ನಟರಾಜು ಅವರಿಗೆ ಈ ಹೆಸರು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಚುಟ್ಟ ಅಲ್ಲ, ಸಿಗಾರ್ ಅನ್ನಿ, ಲಿಮಿಟೆಡ್ ಎಡಿಷನ್ ಅನ್ನಿ ಎಂದು ವರ್ಷಕ್ಕೊಂದು ಸಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಮಾಡುತ್ತಿದ್ದರು. ಕ್ರಿಸ್‌ಮಸ್, ಹೊಸ ವರ್ಷಕ್ಕೆಂದು ಮಾತ್ರ ಮಾಡುವ ಮಾಲು ಅದು. ಸಾವಿರದಿನ್ನೂರು ಪೆಟ್ಟಿಗೆ, ಅದರ ಮೇಲೆ ಒಂದೂ ಇಲ್ಲ. ಪೆಟ್ಟಿಗೆಗಳಿಗೆ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಾಕಿಸಿ ತರುತ್ತಿದ್ದೆವು. ಇಷ್ಟೆಲ್ಲ ಆಡಂಬರದ ಮಾಲು ಹೊರಗೆ ಹೋಗಬೇಕೋ ಬೇಡವೋ ಎಂದು ಕೊನೆಯ ಮಾತು ಹೇಳುತ್ತಿದ್ದವರು ಮಾಗಡಿ ಹತ್ತಿರದ ತಿಪ್ಪಸಂದ್ರದ ಪುಟ್ಟಲಕ್ಷ್ಮಮ್ಮ. ಅವರು ಜೀವಮಾನದಲ್ಲಿ ಒಂದು ದಿನವೂ ಹೊಗೆ ಸೇದಿದವರಲ್ಲ.

ನಾನು ನಜೀರ್, ಅಲ್ಲಿ ಬರೆಯುವ ಕೆಲಸದವನು. ಮಾಗಡಿಯಿಂದ ರಾಮನಗರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಶೆಡ್ಡು. ಮೊದಲು ಅಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು, ನನ್ನ ಅಪ್ಪ ಅಲ್ಲೇ ಇಪ್ಪತ್ತು ವರ್ಷ ಗೂಡು ಬೇಯಿಸಿದವರು. ನೂಲು ನಿಂತ ಮೇಲೆ ನಟರಾಜು ಶೆಡ್ಡು ಕೊಂಡು ಹೊಗೆಸೊಪ್ಪು ತುಂಬಿಸಿದರು. ಸುತ್ತುವುದಕ್ಕೆ ರಾಮನಗರದಲ್ಲಿ ಬೀಡಿ ಕಟ್ಟುತ್ತಿದ್ದ ನಮ್ಮ ಹೆಂಗಸರು ಬಂದರು. ಎಲೆ ಆರಿಸಿ ಕಡ್ಡಿ ಬಿಡಿಸುವುದಕ್ಕೆ ಹಳ್ಳಿಗಳಿಂದ ಒಕ್ಕಲು ಮನೆಯ ಹೆಂಗಸರು ಬಂದರು. ಒಂದೇ ಸೂರಿನ ಕೆಳಗೆ ಉರ್ದು, ಕನ್ನಡ ಎರಡೂ ಕಲಸಿಹೋಗಿ ಯಾರ ಮಾತು ಯಾರದೆಂದು ಗೊತ್ತಾಗದಂತಾಯಿತು. ಚುಟ್ಟ ಸೊಟ್ಟಗಿಲ್ಲದೆ ಸುತ್ತಿ ಬಂದರೆ ನಮ್ಮ ಹೆಂಗಸರು ‘ಸೀದಾ ಐತೆ’ ಅನ್ನುತ್ತಿದ್ದರು. ಬರುಬರುತ್ತ ಯಾವುದು ಚೆನ್ನಾಗಿದ್ದರೂ ಅದೇ ಮಾತು. ಎಲೆ ಸೀದಾ ಐತೆ, ಪೆಟ್ಟಿಗೆ ಸೀದಾ ಐತೆ, ಟೀ ಕೂಡ ಸೀದಾ ಐತೆ.

ಪುಟ್ಟಲಕ್ಷ್ಮಮ್ಮ ಮೊದಲು ಬಂದದ್ದು ಕಡ್ಡಿ ಬಿಡಿಸಲಿಕ್ಕೆ. ಆಗ ಅವರಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು. ಎರಡು ಎಕರೆ ರಾಗಿ ಹೊಲವನ್ನು ಮಗಳು ಭಾನುಪ್ರಿಯ, ಅಳಿಯ ಬೈರೇಶ್ ನೋಡಿಕೊಳ್ಳುತ್ತಿದ್ದರು. ಸೊಂಟದಲ್ಲಿ ಎಲೆಯಡಿಕೆ ಸಂಚಿ, ಅದರಲ್ಲಿ ಕಡ್ಡಿಪುಡಿ. ಹೊಗೆಸೊಪ್ಪಿನ ಕಡ್ಡಿ ಕುಟ್ಟಿದ ಈ ಪುಡಿಯನ್ನು ಎಲೆಯಡಿಕೆ ಜೊತೆ ಹಾಕಿಕೊಳ್ಳುವುದು ನಮ್ಮ ಕಡೆ ಹೆಂಗಸರಿಗೆ ಹೊಸದೇನಲ್ಲ. ಮೊದಲ ವಾರವೇ ಅವರು ಒಂದು ರಾಶಿಯಿಂದ ಎಲೆಯ ಚೂರು ಮುರಿದು, ಕೆಳತುಟಿಯ ಒಳಗೆ ಇಟ್ಟುಕೊಂಡು, ಸ್ವಲ್ಪ ಹೊತ್ತಿಗೆ ಉಗಿದರು. ಈ ರಾಶಿ ದಾರಿಯಲ್ಲಿ ಮಳೆಗೆ ಸಿಕ್ಕಿದೆ, ಒಳಗೆ ಮುಗ್ಗು ಹಿಡಿದಿದೆ ಎಂದರು. ಕೇಳಿ ನಾನು ನಕ್ಕೆ. ನಟರಾಜು ಮಾತ್ರ ನಗದೆ ರಾಶಿ ಬಿಚ್ಚಿಸಿದರು. ನಡುವಿನಲ್ಲಿ ಬೂಷ್ಟು ಬೆಳ್ಳಗೆ ಕೂತಿತ್ತು.

ಅಂದಿನಿಂದ ಅವರಿಗೆ ಕಿಟಕಿಯ ಪಕ್ಕ ಒಂದು ಮಣೆ ಹಾಕಿಕೊಟ್ಟರು. ಎಲೆಯನ್ನು ರಾಶಿ ಹಾಕಿ ಅದರದೇ ಕಾವಿನಲ್ಲಿ ಬೆವರಿಸುವುದರಲ್ಲೇ ಈ ಕಸುಬಿನ ಗುಟ್ಟು ಇರುವುದು. ಕಡಿಮೆ ಬೆವರಿದರೆ ಘಾಟು ಇಳಿಯುವುದಿಲ್ಲ, ಹೆಚ್ಚು ಕಾದರೆ ಎಲೆ ಒಳಗೊಳಗೇ ಸೀಯುತ್ತದೆ. ಅದನ್ನು ಹೇಳಬಲ್ಲ ನಾಲಿಗೆ ಸಂತೆಯಲ್ಲಿ ಸಿಗುವ ಸಾಮಾನಲ್ಲ. ಅವರಿಗೆ ಅದು ಇತ್ತು, ಅದರ ಹೆಮ್ಮೆಯೂ ಇತ್ತು. ರುಚಿಯ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ನನ್ನ ಹೆಂಡತಿ ರಂಜಾನಿಗೆ ಕಳಿಸಿದ ಶೀರ್ ಕುರ್ಮಾ ಪಾಯಸವನ್ನು ಎಲ್ಲರೂ ಹೊಗಳಿದಾಗ ಇವರೊಬ್ಬರು, ಹಾಲು ತಳ ಹಿಡಿಯುವ ಮೊದಲೇ ಇಳಿಸಬೇಕಿತ್ತು ಎಂದು ಹೇಳಿ ಲೋಟ ಕೆಳಗಿಟ್ಟಿದ್ದರು. ನನಗೆ ಸಿಟ್ಟು ಬಂದಿತ್ತು. ಮನೆಗೆ ಹೋಗಿ ಕೇಳಿದರೆ ಹಾಲು ತಳ ಹಿಡಿದದ್ದು ನಿಜವಾಗಿತ್ತು.

ಹಬ್ಬದ ಚುಟ್ಟಕ್ಕೆ ಒಂದು ಕಾರ್ಡು ತುಂಬಬೇಕು. ಪರಿಮಳ ಹೇಗಿದೆ, ಹೊಗೆ ತೆಳುವೋ ಗಟ್ಟಿಯೋ, ಬಾಯಲ್ಲಿ ಕೊನೆಗೆ ಏನು ಉಳಿಯುತ್ತದೆ ಎಂದು ಹತ್ತು ಕಾಲಂ. ಬೆಂಗಳೂರಿನಿಂದ ರುಚಿ ನೋಡುವ ಮೂವರು ಪಂಡಿತರು ಕಾರಿನಲ್ಲಿ ಬರುತ್ತಿದ್ದರು. ಚುಟ್ಟದ ತುದಿ ಕತ್ತರಿಸಿ, ಮೊದಲು ಬೆಂಕಿ ಇಲ್ಲದೆ ಎಳೆದು, ಆಮೇಲೆ ಹಚ್ಚಿ, ಮೂರು ಭಾಗ ಮಾಡಿ ಸೇದಿ, ಬೂದಿ ಎಷ್ಟು ಉದ್ದ ನಿಂತಿತು ಎಂದು ಸ್ಕೇಲು ಹಿಡಿದು ಅಳೆಯುತ್ತಿದ್ದರು. ಅವರು ಬರುವುದಕ್ಕೆ ಮೊದಲೇ ಪುಟ್ಟಲಕ್ಷ್ಮಮ್ಮ ಅದರ ಎಲೆ ಬಾಯಿಗಿಟ್ಟು ಹೇಳಿ ಮುಗಿಸಿರುತ್ತಿದ್ದರು. ಹುರಿದ ರಾಗಿಯ ಘಮ ಇದೆ, ಕೊನೆಗೆ ಹೊಸ ಮೆಟ್ಟಿನ ಚಕ್ಕಳದ ವಾಸನೆ ಬರುತ್ತದೆ, ನಡುವೆ ಆಲೆಮನೆಯ ಪಾಕ ಇದೆ ಎನ್ನುತ್ತಿದ್ದರು. ನಾನು ರಾಗಿಯನ್ನು ಕೋಕೋ ಮಾಡಿ, ಚಕ್ಕಳವನ್ನು ಲೆದರ್ ಮಾಡಿ, ಪಾಕವನ್ನು ಕ್ಯಾರಮೆಲ್ ಮಾಡಿ ಬರೆಯುತ್ತಿದ್ದೆ. ಪಂಡಿತರು ಒಂದೂವರೆ ಗಂಟೆ ಹೊಗೆ ಬಿಟ್ಟು ಕೊನೆಗೆ ಅದನ್ನೇ ಬರೆಯುತ್ತಿದ್ದರು. ನಮಗಿಬ್ಬರಿಗೂ ಒಳಗೊಳಗೇ ನಗು.

ಹೋದ ವರ್ಷದ ಸೆಪ್ಟೆಂಬರಿನಲ್ಲಿ ಹಬ್ಬದ ಚುಟ್ಟದ ಎಲೆ ಸಿದ್ಧವಾಯಿತು. ಆ ದಿನ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಚನ್ನಪಟ್ಟಣದಿಂದ ಪೆಟ್ಟಿಗೆ ಬಂದು ಇಳಿಯುತ್ತಿತ್ತು, ನಟರಾಜು ಫೋನಿನಲ್ಲಿ ಕೂಗಾಡುತ್ತಿದ್ದರು. ಪುಟ್ಟಲಕ್ಷ್ಮಮ್ಮ ಎಲೆಯ ಚೂರನ್ನು ಬಾಯಿಗಿಟ್ಟುಕೊಂಡರು. ಎಂದಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡಿದ್ದರು ಎಂದು ಈಗ ನೆನಪಾಗುತ್ತದೆ. ಒಂದು ಕಡೆಯ ಕೆನ್ನೆ ಸ್ವಲ್ಪ ಊದಿತ್ತು, ಹಲ್ಲು ನೋವಿರಬೇಕು ಎಂದುಕೊಂಡೆ. ಹೇಗಿದೆ ಎಂದು ಬಾಗಿಲಿನಿಂದಲೇ ಕೇಳಿದೆ.

“ಸೀದೈತೆ ಕಣಪ್ಪ,” ಎಂದರು.

ಸರಿ ಎಂದು ಕಾರ್ಡಿನ ಮೇಲೆ ಒಪ್ಪಿಗೆ ಗೀಚಿ ಓಡಿದೆ. ಪಾಕವೋ ರಾಗಿಯೋ ಎಂದು ಉಳಿದ ಕಾಲಂಗಳಿಗೆ ಕೇಳಬೇಕಿತ್ತು. ಹಿಂದಿನ ವರ್ಷದ್ದನ್ನೇ ನೋಡಿಕೊಂಡು ತುಂಬಿಸಿದೆ. ಪಂಡಿತರು ಬಂದು ಸೇದಿ ತಲೆದೂಗಿದರು. ಇಷ್ಟು ವರ್ಷದಲ್ಲಿ ಇಂಥ ಮಾಲು ಬಂದಿರಲಿಲ್ಲ ಎಂದರು. ಡಿಸೆಂಬರ್ ಎರಡನೆಯ ವಾರಕ್ಕೆ ಒಂದು ಪೆಟ್ಟಿಗೆಯೂ ಉಳಿಯಲಿಲ್ಲ.

ಆದರೆ ಪುಟ್ಟಲಕ್ಷ್ಮಮ್ಮ ಆ ದಿನದಿಂದ ಬದಲಾದರು. ಮಣೆಯ ಮೇಲೆ ಕೂತು, ಕೊಟ್ಟದ್ದನ್ನು ಬಾಯಿಗಿಟ್ಟು, ನೀವೇ ನೋಡಿಕೊಳ್ಳಿ ಎಂದು ಬಿಡುತ್ತಿದ್ದರು. ಊಟಕ್ಕೆ ಎಲ್ಲರ ಜೊತೆ ಕೂರುವುದನ್ನು ಬಿಟ್ಟರು. ಮಾಲು ಖಾಲಿಯಾದ ಸಂತೋಷಕ್ಕೆ ನಟರಾಜು ಅವರಿಗೊಂದು ರೇಷ್ಮೆ ಸೀರೆ ಕೊಡಿಸಿದರೆ ಅದನ್ನು ಬಿಚ್ಚಿ ಕೂಡ ನೋಡಲಿಲ್ಲ. ಹೊಗಳಿಕೆ ತಲೆಗೇರಿದೆ ಎಂದು ನಾನು ನಾಲ್ಕು ಜನರ ಮುಂದೆ ಆಡಿಕೊಂಡೆ. ಬರೆದುಕೊಳ್ಳಲು ಹೇಳುವವರು ಇಲ್ಲದೆ ನನ್ನ ಕೆಲಸ ಕೆಟ್ಟಿತ್ತು, ಅದರ ಸಿಟ್ಟು ನನಗೆ. ಆಡಿಕೊಂಡ ಮಾತು ಅವರಿಗೂ ಮುಟ್ಟಿರುತ್ತದೆ. ಅದನ್ನು ನೆನೆದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ.

ಜನವರಿ ಕೊನೆಯಲ್ಲಿ ಅವರು ಕೆಲಸಕ್ಕೆ ಬರಲಿಲ್ಲ. ಭಾನುಪ್ರಿಯ ಫೋನ್ ಮಾಡಿ, ಅವ್ವನ ನಾಲಿಗೆಯ ಪಕ್ಕದಲ್ಲಿ ಹುಣ್ಣಾಗಿದೆ, ಮಾಗಡಿಯ ಡಾಕ್ಟರು ನೋಡಿದ ಕೂಡಲೇ ಬೆಂಗಳೂರಿಗೆ ಹೋಗಿ ಎಂದರು ಎಂದಳು. ಆ ಹುಣ್ಣು ಏನೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಪ್ರತಿ ಪೆಟ್ಟಿಗೆಯ ಮೇಲೂ ಎಚ್ಚರಿಕೆಗೆಂದು ಅದರದೇ ಚಿತ್ರ ಇರುತ್ತದೆ. ಅದನ್ನು ಅಂಟಿಸುವ ಮೇಜು ಪುಟ್ಟಲಕ್ಷ್ಮಮ್ಮನ ಮಣೆಗೆ ಎದುರಿಗೇ ಇತ್ತು.

ಆಪರೇಷನ್ನಿಗೆ ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ನಾಲಿಗೆಯ ಮುಕ್ಕಾಲು ಪಾಲು ತೆಗೆಯಬೇಕಾಗುತ್ತದೆ, ಮೂರು ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಚೂರು ಕತ್ತರಿಸಿ ಮುಗಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಭಾನುಪ್ರಿಯ ವರಾಂಡದಲ್ಲೇ ಹೇಳಿದಳು. ನನಗೆ ಪುಟ್ಟಲಕ್ಷ್ಮಮ್ಮನ ಮೇಲೆ ಕೋಪ ಬಂತು. ಒಳಗೆ ಹೋದವನೇ, ಹೀಗಾಗಿದ್ದರೆ ಒಂದು ಮಾತು ಹೇಳಬಾರದಿತ್ತೇ, ನಾವೆಲ್ಲ ಸತ್ತುಹೋಗಿದ್ದೆವೇ ಎಂದು ರೇಗಿದೆ. ಅವರು ನನ್ನನ್ನೇ ನೋಡಿದರು. ಮಾತು ತೊದಲುತ್ತಿತ್ತು.

“ಯೋಳಿದ್ನಲ್ಲಪ್ಪ. ಹಬ್ಬದ ಎಲೆ ಸೀದೈತೆ ಅಂದೆ. ನೀವ್ ಕಳಿಸ್ಬುಟ್ರಿ. ನನ್ ಮಾತು ಇನ್ ಬ್ಯಾಡ ಇವ್ರಿಗೆ ಅಂದ್ಕಂಡೆ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರು ಹೇಳಿದ್ದು ಎಲೆ ಸೀದಿದೆ ಎಂದು, ಹೊತ್ತಿಹೋಗಿದೆ ಎಂದು. ನನ್ನ ಕಿವಿಗೆ ಬಿದ್ದದ್ದು ನಮ್ಮ ಮನೆಯ ಮಾತು, ಸೀದಾ ಐತೆ, ಸರಿಯಾಗಿದೆ ಎಂದು. ಹುಟ್ಟಿದಾಗಿನಿಂದ ಎರಡೂ ಮಾತು ಆಡಿಕೊಂಡು ಬಂದವನು ನಾನು. ಅವರ ಬಾಯಿಂದ ಅವರ ಮಾತು ಬರಬಹುದು ಎಂದು ನನಗೆ ಆ ದಿನ ಹೊಳೆಯಲಿಲ್ಲ.

ಎಲ್ಲವನ್ನೂ ಅವರಿಗೆ ಬಿಡಿಸಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ, ಅವರು ಕೇಳದಿರಲಿ ಎಂದು ನಾನು ಅಂದುಕೊಂಡಿದ್ದ ಪ್ರಶ್ನೆಯನ್ನೇ ಕೇಳಿದರು.

“ಹಂಗಾರೆ ಎಲೆ ಸೀದಿರ್ನಿಲ್ವಾ?”

ಇಲ್ಲಮ್ಮ, ಬಹಳ ಚೆನ್ನಾಗಿತ್ತು ಎಂದೆ. ಸುಳ್ಳು ಹೇಳಬೇಕಿತ್ತೇನೋ, ಬರಲಿಲ್ಲ. ಅವರು ತೊದಲುತ್ತಲೇ ಒಂದೊಂದಾಗಿ ಹೇಳಿದರು. ಗೌರಿ ಹಬ್ಬದಿಂದಲೂ ಮುದ್ದೆ, ಮಜ್ಜಿಗೆ, ಕಡೆಗೆ ನೀರು ಕೂಡ ಸೀದ ಹಾಗೆ ಅನ್ನಿಸುತ್ತಿತ್ತಂತೆ. ಭಾನುಪ್ರಿಯ ಅಡುಗೆಯನ್ನು ಒಲೆಯ ಮೇಲೆ ಬಿಟ್ಟು ಮೈಮರೆಯುತ್ತಾಳೆ ಎಂದು ದಿನವೂ ಅವಳನ್ನು ಬೈಯುತ್ತಿದ್ದರಂತೆ. ಮಗಳದ್ದು ತಪ್ಪು ಎಂದುಕೊಂಡರು, ನಮ್ಮದು ತಪ್ಪು ಎಂದುಕೊಂಡರು. ತಮ್ಮ ನಾಲಿಗೆಯನ್ನು ಮಾತ್ರ ಅವರು ಅನುಮಾನಿಸಲಿಲ್ಲ. ನಾನು ಆ ದಿನ ಸರಿಯಾಗಿ ಕೇಳಿಸಿಕೊಂಡಿದ್ದರೆ ರಾಶಿ ಬಿಚ್ಚಿಸುತ್ತಿದ್ದೆ, ಎಲೆ ಚೆನ್ನಾಗಿದೆಯಲ್ಲ, ಬಾಯಿ ತೋರಿಸಿ ಎನ್ನುತ್ತಿದ್ದೆ. ನಾಲ್ಕು ತಿಂಗಳು ಉಳಿಯುತ್ತಿತ್ತು.

“ನಿಂದೇನೂ ತಪ್ಪಿಲ್ಲ ಬುಡು,” ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಅದು ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಾನು ಅವರ ಮನೆಗೆ ಹೋದದ್ದು ಮೇ ತಿಂಗಳಲ್ಲಿ. ಹೋಗಬೇಕು ಹೋಗಬೇಕು ಎಂದು ಮೂರು ಸಲ ಮಾಗಡಿ ಬಸ್‌ಸ್ಟ್ಯಾಂಡಿನವರೆಗೆ ಬಂದು, ಧೈರ್ಯ ಸಾಲದೆ ವಾಪಸು ಹೋಗಿದ್ದೆ. ಆಪರೇಷನ್ ಆದ ಮೇಲೆ ಆಹಾರಕ್ಕೆಂದು ಮೂಗಿಗೆ ಹಾಕಿದ್ದ ನಳಿಕೆಯನ್ನು ತೆಗೆದಿದ್ದರು, ನೀರು ಗಂಜಿಯನ್ನು ಕತ್ತು ಎತ್ತಿ ಗುಟುಕು ಗುಟುಕಾಗಿ ನುಂಗುತ್ತಿದ್ದರು. ಮಾತಿಲ್ಲ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ನನ್ನನ್ನು ಕಂಡು ಅವರ ಮುಖ ಅರಳಿತು, ಅದೇ ನನಗೆ ಹೆಚ್ಚು ಕಷ್ಟವಾಯಿತು. ಕೈಹಿಡಿದು ಕೂರಿಸಿದರು. ಊಟ ಮಾಡದೆ ಹೋಗಕೂಡದು ಎಂದು ಕೈಸನ್ನೆ ಮಾಡಿ ಒಲೆಯ ಮುಂದೆ ಹೋದರು. ಅವ್ವ ಏನು ಬಿಟ್ಟರೂ ಅಡುಗೆ ಬಿಟ್ಟಿಲ್ಲ, ಸೌಟು ಹಿಡಿದರೆ ಮೊದಲಿನ ಹಾಗೇ ಕಾಣುತ್ತಾಳೆ, ಅಷ್ಟು ಹೊತ್ತು ನಮಗೂ ಎಲ್ಲ ಮರೆತುಹೋಗುತ್ತದೆ ಎಂದು ಭಾನುಪ್ರಿಯ ಹೇಳಿದಳು.

ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಡಿಸಿ ಎದುರಿಗೇ ಕೂತರು. ಮೊದಲ ತುತ್ತು ಅದ್ದಿ ನುಂಗಿದೆ. ಬಾಯಿಗೆ ಇಡಲಾಗದಷ್ಟು ಉಪ್ಪು, ಗಂಟಲಿನವರೆಗೂ ಉರಿಯಿತು. ಪುಟ್ಟಲಕ್ಷ್ಮಮ್ಮ ಹೇಗಿದೆ ಎಂದು ಹುಬ್ಬು ಏರಿಸಿದರು. ಅವರ ಹಿಂದೆ ನಿಂತಿದ್ದ ಭಾನುಪ್ರಿಯ ನನ್ನನ್ನು ನೋಡಿ ಬೇಡ ಎಂದು ಮೆಲ್ಲಗೆ ತಲೆಯಾಡಿಸಿದಳು. ಪಕ್ಕದಲ್ಲಿ ಬೈರೇಶ್ ತಲೆ ತಗ್ಗಿಸಿ ಅದೇ ಸಾರನ್ನು ಉಣ್ಣುತ್ತಿದ್ದ. ಇವರು ದಿನವೂ ಹೀಗೇ ಉಂಡು, ಚೆನ್ನಾಗಿದೆ ಅವ್ವ ಎನ್ನುತ್ತಿದ್ದಾರೆ ಎಂದು ತಿಳಿಯಿತು.

ಈ ಹೆಂಗಸಿನ ಮಾತಿಗೆ ಒಂದು ಸಲ ಸುಳ್ಳು ಒಪ್ಪಿಗೆ ಗೀಚಿದವನು ನಾನು. ಇನ್ನೊಂದು ಸಲ ಗೀಚಲು ನನ್ನಿಂದ ಆಗಲಿಲ್ಲ. ರುಚಿಯ ವಿಷಯದಲ್ಲಿ ಅವರು ಯಾರಿಗೂ ಸುಳ್ಳು ಹೇಳಿದವರಲ್ಲ, ಅವರಿಗೂ ಹೇಳಬಾರದು ಎಂದುಕೊಂಡೆ. ಅದೊಂದು ಮರ್ಯಾದೆ ಎಂದುಕೊಂಡೆ.

“ಉಪ್ಪು ಜಾಸ್ತಿಯಾಗೈತೆ ಅಮ್ಮ,” ಎಂದೆ.

ಅವರು ತಿರುಗಿ ಮಗಳನ್ನು ನೋಡಿದರು. ಅಳಿಯನ ತಟ್ಟೆಯನ್ನು ನೋಡಿದರು. ಭಾನುಪ್ರಿಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪುಟ್ಟಲಕ್ಷ್ಮಮ್ಮ ಎದ್ದು, ನನ್ನ ತಟ್ಟೆಗೆ ಬಿಸಿನೀರು ಬೆರೆಸಿ ಸಾರು ತಿಳಿ ಮಾಡಿ ಕೊಟ್ಟರು. ಆಮೇಲೆ ಒಲೆಯ ಪಕ್ಕದ ಉಪ್ಪಿನ ಮರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮಗಳ ಕೈಗೆ ಕೊಟ್ಟು, ಹೊರಗೆ ಜಗಲಿಗೆ ಹೋಗಿ ಕೂತರು. ನಾನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡೆ.

ಮೂರು ವಾರದ ಮೇಲೆ ಭಾನುಪ್ರಿಯ ಫೋನ್ ಮಾಡಿದಳು. ಅವ್ವ ಹೇಗಿದ್ದಾರೆ ಎಂದು ಕೇಳಿದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಅವತ್ತಿಂದ ಒಲೆ ತಾವ್ಕೆ ಬಂದಿಲ್ಲ ಕಣಣ್ಣ,” ಎಂದಳು.