ಕಾಲರ್ ಒಳಗಿನ ಹೆಸರು

ಆ ಸಾಲಿನ ಮನೆಗಳಿಗೆಲ್ಲ ಬಟ್ಟೆ ಇಸ್ತ್ರಿ ಮಾಡಿಕೊಡುವವಳು ಇಸ್ತ್ರಿಯಕ್ಕ. ಹುಟ್ಟಿದಾಗ ಇಟ್ಟ ಹೆಸರು ಕರೆಯುವವರಿಲ್ಲದೆ ಮೂಲೆ ಸೇರಿತ್ತು. ತಮ್ಮಂದಿರನ್ನು ಎತ್ತಿ ಆಡಿಸುವುದರಲ್ಲೇ ಶಾಲೆಗೆ ಹೋಗುವ ವಯಸ್ಸು ಕಳೆದಿತ್ತು. ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಕಾಲರ್ ಒಳಗೆ ಮನೆಗೊಂದು ಬಣ್ಣದ ದಾರ ಹೊಲಿಯುತ್ತಿದ್ದಳು. ಒಗೆದು ಒಗೆದು ಬಣ್ಣ ಮಾಸಿದಾಗ ಕೆಂಪು ಯಾವುದು, ಕಿತ್ತಳೆ ಯಾವುದು ಎಂದು ಒದ್ದಾಟ ಬೇರೆ.

ಈ ವರ್ಷ ಪಕ್ಕದ ಶಾಲೆಯಲ್ಲಿ ದೊಡ್ಡವರಿಗೆ ಸಂಜೆಯ ಪಾಠ ಶುರುವಾಯಿತು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಅಂತೂ ಇಂತೂ ಅಕ್ಷರ ಕೂಡಿಸುವುದನ್ನು ಕಲಿತಳು. ಕಲಿತದ್ದನ್ನು ನಿಮ್ಮ ನಿಮ್ಮ ಕೆಲಸದಲ್ಲಿ ಬಳಸಿ, ಇಲ್ಲದಿದ್ದರೆ ಮರೆತುಹೋಗುತ್ತದೆ ಎಂದರು ಮೇಡಂ. ಇಸ್ತ್ರಿಯಕ್ಕನಿಗೆ ಮೇಡಂ ಮಾತೆಂದರೆ ವೇದವಾಕ್ಯ. ಒಗೆದರೂ ಹೋಗದ ಶಾಯಿಯ ಪೆನ್ನು ತಂದಳು. ದಾರವನ್ನೆಲ್ಲ ಕಿತ್ತು, ನಾಲಿಗೆ ಕಚ್ಚಿಕೊಂಡು, ಪ್ರತಿ ಬಟ್ಟೆಯ ಒಳಗೂ ಮನೆಯ ಹೆಸರು ಬರೆದಳು.

ಹೆಸರೆಂದರೆ ಅವಳಿಗೆ ಗೊತ್ತಿದ್ದ ಹೆಸರು. ಇಷ್ಟು ವರ್ಷ ಗೇಟಿನ ಫಲಕ ಓದಲು ಬಾರದವಳು ತಾನೇ ಹೆಸರಿಟ್ಟುಕೊಂಡಿದ್ದಳು: ಮೆಟ್ಟಿಲ ಮನೆ, ನಾಯಿ ಮನೆ, ಜಗಳದ ಮನೆ. ಈಗ ಓದಬಹುದಿತ್ತು, ನಿಜ. ಆದರೆ ಗೊತ್ತಿರುವ ಹೆಸರನ್ನು ಯಾರಾದರೂ ಹುಡುಕಿಕೊಂಡು ಹೋಗುತ್ತಾರೆಯೇ?

ಬಟ್ಟೆ ತಲುಪಿದ ಮರುದಿನವೇ ಜಗಳದ ಮನೆಯ ಅಮ್ಮ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಅದರ ಮೇಲೆ ಗಂಡನ ಅಂಗಿ. ಹೆಚ್ಚು ಬಟ್ಟೆ ಬರುತ್ತಿದ್ದದ್ದು ಆ ಮನೆಯಿಂದಲೇ. ಅವರು ಕೈಬಿಟ್ಟರೆ ಸಾಲಿಗೆ ಸಾಲೇ ಕೈಬಿಡುತ್ತದೆ. ಅವರು ಅಂಗಿಯ ಕಾಲರ್ ಮಗುಚಿ, ಒಳಗೆ ಬರೆದಿದ್ದ ‘ಜಗಳದ ಮನೆ’ ಎಂಬುದನ್ನು ತೋರಿಸಿದರು.

"ಇದನ್ನ ಬರೆದಿದ್ದು ಯಾರು?"

"ನಾನೇ ಅಮ್ಮ."

ತಪ್ಪಾಗಿ ಬರೆದೆನೇನೋ ಎಂದು ಒಂದೊಂದೇ ಅಕ್ಷರ ನೋಡಿದಳು. ಎಲ್ಲ ಸರಿಯಾಗಿತ್ತು. ಮನಸ್ಸಿನಲ್ಲಿ ಎಷ್ಟು ಸಲ ಹಾಗೆ ಕರೆದಿದ್ದಳೋ, ಯಾರಿಗೂ ನೋವಾಗಿರಲಿಲ್ಲ. ಬರೆದ ಕೂಡಲೇ ಅದೇ ಮಾತು ಯಾಕೆ ಕೆಟ್ಟದಾಯಿತು? ಅವಳಿಗೆ ತಲೆಬುಡ ತಿಳಿಯಲಿಲ್ಲ.

"ನಮ್ಮನೆ ಜಗಳ ಬೀದಿಗೆ ಕೇಳಿಸುತ್ತಾ?" ಅಮ್ಮ ಮೆಲ್ಲಗೆ ಕೇಳಿದರು.

ಕೇಳಿಸುತ್ತಿರಲಿಲ್ಲ. ಆ ಮನೆಯಿಂದ ಒಂದು ಏರಿದ ದನಿಯೂ ಹೊರಗೆ ಬಂದದ್ದಿಲ್ಲ. ಅಮ್ಮನ ಬಟ್ಟೆಗಳ ತೋಳು ಮಾತ್ರ ಹೊಲಿಗೆ ಬಿಟ್ಟಿರುತ್ತಿತ್ತು, ಗುಂಡಿ ಬಟ್ಟೆಸಮೇತ ಕಿತ್ತು ಬಂದಿರುತ್ತಿತ್ತು. ಇಸ್ತ್ರಿಯಕ್ಕ ಏನೂ ಕೇಳದೆ ಹೊಲಿದು ಕಳಿಸುತ್ತಿದ್ದಳು.

"ಇಲ್ಲಮ್ಮ. ಬಟ್ಟೆ ನೋಡಿ ಅಂದ್ಕೊಂಡೆ."

ಇಸ್ತ್ರಿಯಕ್ಕನಿಗೆ ಅಳು ಬಂತು. ತಪ್ಪಾಯಿತು, ಅಕ್ಷರ ತನ್ನಂಥವಳಿಗಲ್ಲ, ಪಾಠಕ್ಕೆ ಹೋಗುವುದನ್ನೇ ಬಿಟ್ಟು ಮತ್ತೆ ದಾರ ಹಾಕುತ್ತೇನೆ ಎಂದು ಬಡಬಡಿಸಿದಳು.

"ದಾರ ಬೇಡ," ಎಂದು ಅಮ್ಮ ಚೀಲದಿಂದ ತಮ್ಮ ಬಟ್ಟೆಗಳನ್ನು ತೆಗೆದರು. "ನನ್ನ ಬಟ್ಟೆ ಮೇಲೆ ನನ್ನ ಹೆಸರು ಬರಿ."

ಅವರು ಹೆಸರು ಹೇಳಿದರು. ಇಷ್ಟು ವರ್ಷದಲ್ಲಿ ಇಸ್ತ್ರಿಯಕ್ಕ ಅದನ್ನು ಕೇಳಿದ್ದು ಆಗಲೇ. ಹಳೆಯದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ನಿಧಾನವಾಗಿ ಬರೆದಳು. ಆಮೇಲೆ ಅಂಗಿಗೆ ಕೈ ಹಾಕಿ, ಸಾಹೇಬರ ಹೆಸರು ಏನೆಂದು ಕೇಳಿದಳು.

ಅಮ್ಮ ಅಂಗಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಸಿದರು.

"ಅದು ಹಾಗೇ ಇರಲಿ."